ಮುಚ್ಚಳ ರೊಟ್ಟಿ

ಮೂರು ಭಾನುವಾರಗಳಿಂದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಉಪ್ಪಿಟ್ಟೇ ನಡೆದುಬಂದಿದೆ. ಉಪ್ಪಿಟ್ಟಿನ ಮೇಲೆ ನನಗೆ ಹಗೆತನವೇನೂ ಇಲ್ಲ. ಅದನ್ನು ಹಳಿದವರೆಲ್ಲರೂ ಕೊನೆಗೆ ಅದನ್ನೇ ತಿಂದು ಬಾಳಿದ್ದಾರೆ. ಆದರೆ ಅದಕ್ಕೆ ಹಿಂದಿನ ನಾಲ್ಕು ತಿಂಗಳ ಭಾನುವಾರಗಳಲ್ಲಿ ಐನೂರು ವರ್ಷಗಳಷ್ಟು ಹಳೆಯ ಅಡಿಗೆಯನ್ನು ಉಂಡು ಅಭ್ಯಾಸವಾದ ನಾಲಗೆಗೆ ಈ ಇಳಿತವು ತುಸು ಕಷ್ಟವಾಗಿದೆ. ಇದಕ್ಕೆ ಕಾರಣನು ನಾನೇ ಎಂಬುದನ್ನು ಮನೆಯವರೆಲ್ಲರೂ ಬಲ್ಲರು. ವಾಚಕರಿಗೂ ಹೇಳಿಬಿಡುವುದು ಮೇಲು.

ನನ್ನ ನಾದಿನಿಗೆ ಇಪ್ಪತ್ತಾರು ವರ್ಷ. ವಾಣಿಜ್ಯಶಾಸ್ತ್ರದ ಪದವೀಧರೆ. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಒಂದು ಕಂಪೆನಿಯ ಲೆಕ್ಕಪತ್ರದ ವಿಭಾಗದಲ್ಲಿ ಕೆಲಸ. ಎರಡು ವರ್ಷಗಳಿಂದ ಜಯನಗರದ ನಮ್ಮ ಮನೆಯಲ್ಲಿದ್ದಾಳೆ. ನೆಂಟರಿಷ್ಟರಲ್ಲಿ ನಾವು 'ನಮ್ಮ ಆಶ್ರಯದಲ್ಲಿದ್ದಾಳೆ' ಎಂದು ಹೇಳಿಕೊಳ್ಳುವುದುಂಟು. ಬಾಡಿಗೆಯಲ್ಲಿ ಮೂರರಲ್ಲೊಂದು ಪಾಲನ್ನು ಆಕೆಯೇ ಕೊಡುತ್ತಾಳೆಂಬ ಸಂಗತಿ ಆ ಮಾತಿನೊಡನೆ ಹೊರಬೀಳುವುದಿಲ್ಲ.

ಬೆಳಗ್ಗೆ ಐದೂವರೆಗೆ ಏಳುತ್ತಾಳೆ. ನನ್ನ ಸಹಧರ್ಮಿಣಿಯೂ ಶಾಲೆಯಲ್ಲಿ ಗಣಿತ ಹೇಳುವವಳಾದುದರಿಂದ ಆ ಒಂದೂವರೆ ಗಂಟೆ ನಮ್ಮ ಅಡಿಗೆಮನೆಯು ರೈಲ್ವೆ ನಿಲ್ದಾಣದಂತಿರುತ್ತದೆ. ಅಕ್ಕ ಕುಕ್ಕರನ್ನು ಏರಿಸುವಷ್ಟರಲ್ಲಿ ತಂಗಿ ಹುರುಳಿಕಾಯಿ ಹೆಚ್ಚಿ ಮುಗಿಸಿ, ಚಪಾತಿಯ ಹಿಟ್ಟು ಕಲಸಿ, ರಾತ್ರಿ ನೆನೆಹಾಕಿದ ಕಾಳನ್ನು ಬಸಿದು, ಮೂರು ಡಬ್ಬಿಗಳನ್ನು ಸಾಲಾಗಿ ತೆರೆದಿಟ್ಟಿರುತ್ತಾಳೆ. ಏಳೂಮುಕ್ಕಾಲಿಗೆ ಮನೆ ಬಿಟ್ಟರೆ ಮೆಜೆಸ್ಟಿಕ್ಕಿನವರೆಗೆ ಹಸುರು ಮಾರ್ಗದ ಮೆಟ್ರೊ, ಅಲ್ಲಿಂದ ಕುಂದಲಹಳ್ಳಿಯವರೆಗೆ ನೇರಳೆ ಮಾರ್ಗದ್ದು. ನಡಿಗೆಯೂ ಸೇರಿದರೆ ಒಂದು ಗಂಟೆಯ ಮೇಲಾಯಿತು. ಸಂಜೆ ಮತ್ತೆ ಅಷ್ಟೇ. ಮನೆಗೆ ಬಂದು ಡಬ್ಬಿ ತೊಳೆದಿಟ್ಟು, ಮರುದಿನದ ಕಾಳನ್ನು ನೆನೆಹಾಕುವಲ್ಲಿಗೆ ಆಕೆಯ ದಿನವು ಮುಗಿಯುತ್ತದೆ. ಶನಿವಾರ ರಾತ್ರಿ ಇಡ್ಲಿಗೆ ರುಬ್ಬುವ ಕೆಲಸ ಬೇರೆ.

ಈ ವ್ಯವಸ್ಥೆಯಲ್ಲಿ ನನ್ನ ಪಾಲು ಏನೆಂದು ಯಾರಾದರೂ ಕೇಳಿಯಾರು. ಕಾಫಿಯ ಡಿಕಾಕ್ಷನ್ನನ್ನು ಹಾಕುವವನು ನಾನು. ಮದುವೆಯಾದ ಒಂಬತ್ತು ವರ್ಷಗಳಿಂದಲೂ ಇದೊಂದೇ ಕೆಲಸದ ಬಲದಿಂದ 'ಮನೆಗೆಲಸದಲ್ಲಿ ಕೈಗೂಡಿಸುವ ಗಂಡ'ನೆಂಬ ಕೀರ್ತಿಯನ್ನು ಅನುಭವಿಸಿಕೊಂಡು ಬಂದಿದ್ದೇನೆ.

ಹವ್ಯಾಸದ ಪ್ರಶ್ನೆ ಮೊದಲು ಎದ್ದದ್ದು ಆಕೆಯ ಕಛೇರಿಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಜೊತೆಯವರಲ್ಲಿ ಒಬ್ಬಳು ಜಪಾನಿ ಭಾಷೆ ಕಲಿಯುತ್ತಾಳಂತೆ, ಇನ್ನೊಬ್ಬಳು ಜಲವರ್ಣದ ಚಿತ್ರ ಬರೆಯುತ್ತಾಳಂತೆ. ಇವಳನ್ನು ಕೇಳಿದಾಗ 'ಅಡಿಗೆ' ಎಂದಳಂತೆ. ಅವರೆಲ್ಲರೂ ನಕ್ಕು, ಅದು ಹವ್ಯಾಸವಲ್ಲ, ಕೆಲಸ ಎಂದರಂತೆ. ಆ ಸಂಜೆ ಚಪ್ಪಲಿ ಕಳಚುತ್ತಿರುವಾಗಲೇ, "ಭಾವ, ಅಡಿಗೆ ಹವ್ಯಾಸವಾಗುವುದಿಲ್ಲವೆ?" ಎಂದಳು.

ಕನ್ನಡ ಅಧ್ಯಾಪಕನನ್ನು ಹೀಗೆ ಕೇಳಬಾರದು. ನಾನು 'ಹವ್ಯಾಸ'ವೆಂಬ ಶಬ್ದವನ್ನೇ ಹಿಡಿದುಕೊಂಡೆ. ಬಿಡುವಿನ ಹೊತ್ತಿನ ಇಷ್ಟದ ಕೆಲಸವೆಂದು ನಾವು ತಿಳಿದಿರುವ ಈ ಮಾತಿಗೆ ನೆರೆಯ ಮರಾಠಿಯಲ್ಲಿ ಅತ್ಯಾಸೆ, ಹಪಹಪಿಕೆ ಎಂಬ ಅರ್ಥವಿರುವುದನ್ನು ವಿವರಿಸಿದೆ. ಅಲ್ಲಿಗೇ ನಿಲ್ಲದೆ, ಅಡಿಗೆಯನ್ನು ವಿದ್ಯೆಯೆಂದು ನಮ್ಮ ಹಿಂದಿನವರು ಎಣಿಸಿದ್ದರೆನ್ನಲು ಗ್ರಂಥಗಳ ಸಾಕ್ಷ್ಯವನ್ನೂ ಒದಗಿಸಿದೆ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಗೆಂದೇ ಒಂದು ಭಾಗವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು, ಕಲ್ಲಹಳ್ಳಿಯ ಪ್ರಭುಗಳ ಮನೆತನದ ಜೈನ ಕವಿ, 'ನೇಮಿಜಿನೇಶ ಸಂಗತಿ', 'ಸಮ್ಯಕ್ತ್ವ ಕೌಮುದಿ'ಗಳನ್ನು ಬರೆದ ಕೈಯಿಂದಲೇ 'ಸೂಪಶಾಸ್ತ್ರ'ವೆಂಬ ಅಡಿಗೆಯ ಪುಸ್ತಕವನ್ನೂ ವಾರ್ಧಕ ಷಟ್ಪದಿಯಲ್ಲಿ ಬರೆದಿದ್ದಾನೆ.

"ಆ ಪುಸ್ತಕ ಸಿಕ್ಕುತ್ತದೆಯೆ?" ಎಂದು ಕೇಳಿದಳು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿತ್ತು. ತಂದುಕೊಟ್ಟೆ.

ಮೊದಲನೆಯ ದಿನವೇ ನನ್ನ ಎಂ.ಎ.ಯ ಬಣ್ಣ ಬಯಲಾಯಿತು. ಪದ್ಯವನ್ನು ಓದಿ, ಷಟ್ಪದಿಯ ಮಾತ್ರೆಗಳನ್ನು ಲೆಕ್ಕ ಹಾಕಿ, ಶಬ್ದಾರ್ಥಗಳನ್ನು ಹೇಳಿ ಮುಗಿಸಿದೆ. ಆಕೆ ಪೆನ್ಸಿಲನ್ನು ಹಿಡಿದುಕೊಂಡು, "ಸರಿ ಭಾವ, ಹಿಟ್ಟು ಎಷ್ಟು? ನೀರು ಎಷ್ಟು? ಗಟ್ಟಿಯಾಗಿರಬೇಕೆ, ಮೆದುವಾಗಿರಬೇಕೆ?" ಎಂದು ಕೇಳಿದಳು. ಮಂಗರಸನಲ್ಲಿ ಚಮಚದ ಲೆಕ್ಕವಿಲ್ಲ. ಬಲ್ಲವರಿಗೆ ಬರೆದ ಪುಸ್ತಕವದು. ನಾನಾದರೋ ಮಾತ್ರೆಯನ್ನು ಬಲ್ಲವನೇ ಹೊರತು ಹಿಟ್ಟನ್ನು ಬಲ್ಲವನಲ್ಲ.

ಆಕೆ ಎದೆಗುಂದಲಿಲ್ಲ. ಲೆಕ್ಕದವಳ ಬುದ್ಧಿ. ಒಂದು ಉದ್ದನೆಯ ಪುಸ್ತಕವನ್ನು ತಂದು ನಾಲ್ಕು ಅಂಕಣಗಳನ್ನು ಎಳೆದಳು: ಪದ್ಯದ ಸಂಖ್ಯೆ, ಭಾವ ಹೇಳಿದ ಅರ್ಥ, ಹಾಕಿದ ತೂಕ, ಆದದ್ದು. ಪುಟ್ಟ ತಕ್ಕಡಿಯೊಂದು ಅಡಿಗೆಮನೆಗೆ ಬಂತು. ಮೊದಲನೆಯ ಪ್ರಯೋಗ ಮುಚ್ಚಳ ರೊಟ್ಟಿ. ಕೆಳಗಿನ ಉರಿಯಲ್ಲದೆ ಮೇಲೆಯೂ ಮುಚ್ಚಳವಿಟ್ಟು ಕೆಂಡ ಹರಡಿ ಬೇಯಿಸತಕ್ಕದ್ದು. ಗ್ಯಾಸಿನ ಒಲೆಗೆ ಕೆಂಡವೆಲ್ಲಿಂದ ಬರಬೇಕು? ಬೀದಿಯ ಕೊನೆಯಲ್ಲಿ ಇಸ್ತ್ರಿ ಗಾಡಿಯವನಿಂದ ಇದ್ದಿಲು ಕೊಂಡು, ಮಾಲೀಕರ ಮನೆಯ ಅಟ್ಟದಿಂದ ಹಳೆಯ ಅಗ್ಗಿಷ್ಟಿಕೆಯೊಂದನ್ನು ಇಳಿಸಿ, ಮಹಡಿಯ ಮೇಲೆ ಒಲೆ ಹೂಡಿದಳು. ಕೆಳಗೆ ಕಾವಲಿ, ಮೇಲೆ ಕಬ್ಬಿಣದ ತಟ್ಟೆ, ಅದರ ಮೇಲೆ ಕೆಂಡ. ಇನ್ನೂರೈವತ್ತು ಗ್ರಾಂ ಗೋಧಿಹಿಟ್ಟಿನ ಮೊದಲ ರೊಟ್ಟಿ ಹೊರಗೆ ಕರಿದು, ಒಳಗೆ ಹಸಿ. ಮೇಲೆ ಬೂದಿಯ ಪ್ರೋಕ್ಷಣೆ. 'ಆದದ್ದು' ಎಂಬ ಅಂಕಣದಲ್ಲಿ 'ಕಾಗೆಗೆ' ಎಂದು ಬರೆದಳು. ಕಾಗೆಯೂ ಮುಟ್ಟಲಿಲ್ಲವೆಂಬುದು ನನ್ನ ಟಿಪ್ಪಣಿ.

ಮೂರನೆಯ ವಾರಕ್ಕೆ ಹದ ಸಿಕ್ಕಿತು. ಹಿಟ್ಟಿಗೆ ತುಪ್ಪ ಹಚ್ಚಿ ನಾದಿ, ನೀರಿನ ಬದಲು ಹಾಲು ಹಾಕಿ, ಕೆಂಡವನ್ನು ತಟ್ಟೆಯ ಅಂಚಿಗೆ ಮಾತ್ರ ಹರಡಿದಾಗ ರೊಟ್ಟಿಯು ಎರಡು ಮೈಯೂ ಹೊಂಬಣ್ಣವಾಗಿ ಉಬ್ಬಿ ಬಂತು. ಅದನ್ನು ಮುರಿದಾಗ ಎದ್ದ ಹಬೆಯ ವಾಸನೆಯನ್ನು ವರ್ಣಿಸಲು ಹೊರಟರೆ ಸಂಪಾದಕರು ಈ ಅಂಕಣವನ್ನು ಅಡಿಗೆಯ ಪುಟಕ್ಕೆ ವರ್ಗಾಯಿಸಿಯಾರೆಂಬ ಭಯವಿದೆ.

ಆಮೇಲೆ ಬದನೆಕಾಯಿ. ಮಂಗರಸನು ಬದನೆಯ ಅಡಿಗೆಗಳನ್ನು ಬಹಳ ವಿಸ್ತಾರವಾಗಿ ಹೇಳುತ್ತಾನೆ. ಅದನ್ನು ಮಾಡುತ್ತಿರುವಾಗಲೇ ಒಂದು ದಿನ, "ಭಾವ, ಈ ಪುಸ್ತಕದಲ್ಲೆಲ್ಲೂ ಮೆಣಸಿನಕಾಯಿಯೇ ಇಲ್ಲವಲ್ಲ!" ಎಂದು ಕೂಗಿದಳು. ಇರುವುದು ಹೇಗೆ? ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ತೀರಕ್ಕೆ ಬಂದದ್ದು. ಆಲೂಗೆಡ್ಡೆ, ಟೊಮೇಟೊಗಳೂ ಅದೇ ದಿಕ್ಕಿನ ಅತಿಥಿಗಳು. ನಮಗೆ ಖಾರವೆಂದರೆ ಮೆಣಸು; ಹೊಸದಾಗಿ ಬಂದದ್ದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದುಕೊಂಡೆವು. ನಾನು ತರಗತಿಯಲ್ಲಿ ಎಷ್ಟೋ ಸಲ ಮಂಗರಸನ ಹೆಸರು ಹೇಳಿದ್ದೇನೆ. ಆತನ ಒಗ್ಗರಣೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಆ ದಿನದವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಮೆಣಸು, ಇಂಗು, ತುಪ್ಪಗಳಲ್ಲಿ ಬೆಂದ ಆ ಬದನೆಯ ಮುಂದೆ ಒಂದು ವಾರ ನನಗೆ ಮನೆಯ ಹುಳಿಯೇ ರುಚಿಸಲಿಲ್ಲ.

ಇಲ್ಲಿಂದ ಮುಂದೆ ನನ್ನ ಅಪರಾಧ.

ಅಧ್ಯಾಪಕರ ಕೊಠಡಿಯಲ್ಲಿ ನಾನು ಬಾಯಿ ಬಿಟ್ಟೆ. ಸಹೋದ್ಯೋಗಿಗಳು ಒಂದು ಭಾನುವಾರ ಬಂದರು, ಮುಂದಿನ ಭಾನುವಾರ ಅವರ ಮನೆಯವರೂ ಬಂದರು. "ಈ ವಾರ ಏನು ವಿಶೇಷ?" ಎಂದು ಬುಧವಾರವೇ ಕೇಳತೊಡಗಿದೆ. ಮರಾಠಿಯ ಅರ್ಥದ ಹವ್ಯಾಸವು ನಮಗೆಲ್ಲರಿಗೂ ಹತ್ತಿತ್ತು. ಇಷ್ಟರಲ್ಲಿ ಊರಿನಿಂದ ನನ್ನ ಅತ್ತೆಯವರು ಬಂದರು. ಮಗಳ ಮದುವೆಯ ಚಿಂತೆ ಅವರದು, ತಪ್ಪೇನಲ್ಲ. ವರಾನ್ವೇಷಣೆಗೆಂದು ಆಕೆಯ ವಿವರಗಳ ಒಂದು ಪುಟವನ್ನು ಸಿದ್ಧಪಡಿಸಬೇಕೆಂದರು. ಬರೆದುಕೊಟ್ಟವನು ನಾನು. 'ಹವ್ಯಾಸ' ಎಂಬಲ್ಲಿ 'ಪ್ರಾಚೀನ ಕರ್ಣಾಟಕದ ಪಾಕಕಲೆಯಲ್ಲಿ ವಿಶೇಷ ಪರಿಶ್ರಮ' ಎಂದು ಬರೆದು, ಆ ವಾಕ್ಯದ ಗಾಂಭೀರ್ಯಕ್ಕೆ ನಾನೇ ಮೆಚ್ಚಿಕೊಂಡೆ. ಆಕೆಯನ್ನು ಕೇಳಲಿಲ್ಲ.

ಆ ಭಾನುವಾರ ಹನ್ನೊಂದು ಮಂದಿ ಊಟಕ್ಕಿದ್ದರು. ಅವರಲ್ಲಿ ಐವರು 'ನನ್ನ ಹಳೆಯ ಪರಿಚಿತರು' ಎಂದು ಆಕೆಗೆ ಹೇಳಿದ್ದೆ. ಹೇಳಿಕೊಟ್ಟವರು ಅತ್ತೆಯವರು, ಹೇಳಿದ ಬಾಯಿ ನನ್ನದು. ಆಕೆ ಬೆಳಗಿನಿಂದ ಮಹಡಿಯ ಮೇಲೆ ಕೆಂಡದ ಮುಂದೆ ಕುಳಿತು ಇಪ್ಪತ್ತನಾಲ್ಕು ರೊಟ್ಟಿಗಳನ್ನು ಬೇಯಿಸಿದಳು. ಊಟವಾದ ಮೇಲೆ ಆ ಐವರಲ್ಲಿ ಹಿರಿಯರಾದ ಹೆಂಗಸು ಕೈತೊಳೆದುಕೊಂಡು, ಬಹಳ ಪ್ರೀತಿಯಿಂದಲೇ, "ನಮ್ಮ ಹುಡುಗನಿಗೂ ರೊಟ್ಟಿಯೆಂದರೆ ಪ್ರಾಣ. ಮದುವೆಯಾದ ಮೇಲೆ ದಿನಾ ಮಾಡಿಕೊಡುತ್ತೀಯಲ್ಲವೆ ಮಗು?" ಎಂದರು. ಆಕೆ ನನ್ನ ಕಡೆಗೆ ತಿರುಗಿ ನೋಡಿದಳು. ನಾನು ಅಡಿಕೆ ತಟ್ಟೆಯನ್ನು ಹುಡುಕಲು ಒಳಗೆ ಹೋದೆ.

ಅತಿಥಿಗಳು ಹೋದ ಮೇಲೆ ಆಕೆ ಜಗಳವಾಡಲಿಲ್ಲ. ಪಾತ್ರೆ ಉಜ್ಜಲು ಕುಳಿತಳು. ನಾನು ಒಣಬಟ್ಟೆಯನ್ನು ಹಿಡಿದು ಪಕ್ಕದಲ್ಲಿ ನಿಂತೆ. ಅದು ಪ್ರಾಯಶ್ಚಿತ್ತದ ಮೊದಲ ಕಂತು.

"ಹೆಣ್ಣು ನೋಡಲು ಬರುತ್ತಾರೆಂದು ಹೇಳಿದ್ದರೆ ನಾನೇನು ಬೇಡವೆನ್ನುತ್ತಿದ್ದೆನೆ, ಭಾವ? ಕಾಫಿ ಕೊಟ್ಟು, ಕುಳಿತು, ಆ ಹುಡುಗನೊಡನೆ ನಾಲ್ಕು ಮಾತಾಡುತ್ತಿದ್ದೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮೊದಲನೆಯ ರೊಟ್ಟಿ ಹಸಿಯಾಗಿದ್ದ ದಿನ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೆ? ಕಛೇರಿಯಲ್ಲಿ ಒಂದು ಅಂಕಿ ತಪ್ಪಿದರೆ ಹತ್ತು ಜನ ಕೇಳುತ್ತಾರೆ. ಬೆಳಗಿನ ಡಬ್ಬಿಯಲ್ಲಿ ಉಪ್ಪು ತಪ್ಪಿದರೆ ಮೂರು ಜನ ಕೇಳುತ್ತೀರಿ. ಆ ರೊಟ್ಟಿ ಕೆಟ್ಟದ್ದಕ್ಕೆ ಯಾರೂ ಏನೂ ಕೇಳಲಿಲ್ಲ. ಈವತ್ತು ಕೆಟ್ಟಿದ್ದರೆ?" ಎಂದಳು.

ಮಾತನ್ನು ಹಗುರ ಮಾಡಲು ನಾನು ನಳಪಾಕವನ್ನು ತಂದೆ. ಅಡಿಗೆಯಲ್ಲಿ ಹೆಸರಾದವರು ನಳ, ವಿರಾಟನ ಮನೆಯಲ್ಲಿ ವಲಲನಾಗಿದ್ದ ಭೀಮ. ಗ್ರಂಥ ಬರೆದವನು ಮಂಗರಸ. ಎಲ್ಲರೂ ಗಂಡಸರೇ ಅಲ್ಲವೆ ಎಂದೆ. ಆಕೆ, "ಹೌದು ಭಾವ, ಅವರೆಲ್ಲ ಹೆಸರು ಮಾಡಿದವರು" ಎಂದಷ್ಟೇ ಹೇಳಿ, ಲೆಕ್ಕದವಳಾದುದರಿಂದ ಅಂಕಿಗಳನ್ನು ಕೊಟ್ಟಳು. ಕೇಂದ್ರ ಸರಕಾರದ ಸಾಂಖ್ಯಿಕ ಕಛೇರಿಯು 2019ರಲ್ಲಿ ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತ್ತು. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ಕೈ ಹಾಕಿದವರೊಳಗೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ಕಳೆಯುತ್ತಾರೆ. ನೂರಕ್ಕೆ 26 ಗಂಡಸರಲ್ಲಿ ನಾನೂ ಒಬ್ಬನೆಂದು ನೆನಪಿಸಿದೆ. "ನಿಮ್ಮ ಡಿಕಾಕ್ಷನ್ನಿಗೆ ಹನ್ನೆರಡು ನಿಮಿಷ. ನಾನು ನೋಡಿದ್ದೇನೆ. ಅದರಲ್ಲಿ ಐದು ನಿಮಿಷ ನೀರು ಕಾಯುವುದು" ಎಂದಳು.

ಆ ರಾತ್ರಿ ಆಕೆಯ ಉದ್ದನೆಯ ಪುಸ್ತಕವನ್ನು ತೆರೆದು ನೋಡಿದೆ. ಮೊದಲ ಹದಿನಾಲ್ಕು ಪ್ರಯೋಗಗಳಿಗೆ ನಾಲ್ಕು ಅಂಕಣಗಳೂ ತುಂಬಿದ್ದವು. ಆಮೇಲೆ ಅತಿಥಿಗಳ ಸಂಖ್ಯೆ ಮತ್ತು ಹಿಟ್ಟಿನ ತೂಕ ಮಾತ್ರ. ಕೊನೆಯ ಒಂದು ತಿಂಗಳಿನಲ್ಲಿ ಹೊಸ ಪದ್ಯವೊಂದೂ ಇರಲಿಲ್ಲ. ನಾವು ಕೇಳಿದ್ದನ್ನೇ ಮತ್ತೆ ಮತ್ತೆ ಮಾಡಿದ್ದಳು. ದಿನವೂ ಅದೇ ಮೇಜಿನ ಮೇಲಿದ್ದ ಪುಸ್ತಕ. ಹಳೆಗನ್ನಡದ ಪಾಠಾಂತರಗಳನ್ನು ಹುಡುಕುವ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಮರುವಾರ ಆಕೆ ನಮ್ಮ ಬಡಾವಣೆಯ ಈಜುಕೊಳದಲ್ಲಿ ಭಾನುವಾರ ಬೆಳಗಿನ ಹೆಂಗಸರ ಹೊತ್ತಿಗೆ ಹೆಸರು ಕೊಟ್ಟು ಬಂದಳು. ಅತ್ತೆಯವರಿಗೆ ಗಾಬರಿ: ಈ ವಯಸ್ಸಿನಲ್ಲಿ ಈಜೆ, ಶೀತವಾಗುತ್ತದೆ, ಕೂದಲು ಉದುರುತ್ತದೆ. "ಅಡಿಗೆಯೇ ಚೆನ್ನಾಗಿತ್ತಲ್ಲ" ಎಂದರು.

"ಇದರಲ್ಲಿ ಯಾರಿಗೂ ಬಡಿಸುವುದಕ್ಕೆ ಏನೂ ಇಲ್ಲ, ಅಮ್ಮ" ಎಂದಳು.

ವಿವರಗಳ ಪುಟವನ್ನು ನಾನು ತಿದ್ದಬೇಕಾಯಿತು. ನನ್ನ ಗಂಭೀರ ವಾಕ್ಯವನ್ನು ಹೊಡೆದುಹಾಕಿ, ಆಕೆ ಹೇಳಿದಂತೆ 'ಈಜು ಕಲಿಯುತ್ತಿದ್ದಾಳೆ. ಇನ್ನೂ ಬಾರದು' ಎಂದು ಬರೆದೆ. ಅದನ್ನು ಓದಿಯೂ ಒಬ್ಬರು ಮಾತಾಡಲು ಬರುತ್ತೇವೆಂದು ತಿಳಿಸಿದ್ದಾರೆ. ಈ ಸಲ ಯಾವ ಹೊತ್ತಿಗೆ, ಎಲ್ಲಿ ಎಂಬುದನ್ನು ಆಕೆಯೇ ಗೊತ್ತುಮಾಡಿದ್ದಾಳೆ, ಮನೆಯಲ್ಲಲ್ಲ, ಲಾಲ್‌ಬಾಗಿನಲ್ಲಿ.

ಕಳೆದ ಭಾನುವಾರ ಆಕೆ ಕೊಳಕ್ಕೆ ಹೋಗಿದ್ದಾಗ, ನಾನು ಉದ್ದನೆಯ ಪುಸ್ತಕವನ್ನೂ ತಕ್ಕಡಿಯನ್ನೂ ಇಟ್ಟುಕೊಂಡು ಮಹಡಿಯ ಮೇಲೆ ಅಗ್ಗಿಷ್ಟಿಕೆ ಹೊತ್ತಿಸಿದೆ. ಉಪ್ಪಿಟ್ಟಿನ ಭಯವೇ ಅದಕ್ಕೆ ಮುಖ್ಯ ಪ್ರೇರಣೆಯೆಂದು ಒಪ್ಪಿಕೊಳ್ಳುತ್ತೇನೆ. ಒಂಬತ್ತೂವರೆಗೆ ಆಕೆ ಹಿಂದಿರುಗಿದಳು. ಒದ್ದೆ ಕೂದಲು, ಕೆಂಪಾದ ಕಣ್ಣು, ವಿಪರೀತ ಹಸಿವು. ನನ್ನ ರೊಟ್ಟಿಯನ್ನು ಮುರಿದು, ಬೆಳಕಿಗೆ ಹಿಡಿದು ನೋಡಿ, ಉಪ್ಪಿನಕಾಯಿ ನಂಚಿಕೊಂಡು ಮುಕ್ಕಾಲು ಭಾಗ ತಿಂದಳು. ಆಮೇಲೆ ಪೆನ್ಸಿಲನ್ನು ಹುಡುಕಿ ತಂದು, ನಾಲ್ಕನೆಯ ಅಂಕಣವನ್ನು ತೋರಿಸಿ ನನ್ನ ಕೈಗೆ ಕೊಟ್ಟಳು.

"ನೀವೇ ಬರೆಯಿರಿ" ಎಂದಳು. 'ಕಾಗೆಗೆ' ಎಂದು ಬರೆದೆ.