ಗುರುವಿಗೆ ಸಲ್ಲುವ ನಿಜವಾದ ಪದಕ

ಉತ್ತಮ ಶಿಕ್ಷಕರಿಗೆ ಸರಕಾರವು ಪದಕವನ್ನೀಯುವುದು ಯೋಗ್ಯವೇ. ಆದರೆ ಗುರುವಿನ ಯೋಗ್ಯತೆಗೆ ಶಿಷ್ಯರೇ ನಿಜವಾದ ಸಾಕ್ಷಿಗಳೆಂದು ನನ್ನ ಅಭಿಪ್ರಾಯ.

ಬೊಲಿವಿಯಾ ದೇಶದ ಹೈಮೆ ಎಸ್ಕಲಾಂಟೆ ಎಂಬವರು 1974ರಲ್ಲಿ ಅಮೇರಿಕೆಯ ಪೂರ್ವ ಲಾಸ್ ಏಂಜಲೀಸಿನ ಗಾರ್ಫೀಲ್ಡ್ ಪ್ರೌಢಶಾಲೆಯಲ್ಲಿ ಅಧ್ಯಾಪಕರಾದರು. ಅಲ್ಲಿಯ ಮಕ್ಕಳಲ್ಲಿ ಬಹಳಷ್ಟು ಮಂದಿ ಬಡವರು. ಹಲವರ ಮನೆಮಾತು ಸ್ಪ್ಯಾನಿಷ್. ಇಂಥವರಿಗೆ ಹಿರಿಯ ಗಣಿತವೇಕೆಂಬ ಮಾತನ್ನು ಲೆಕ್ಕಿಸದೆ ಗುರುಗಳು ಕಲನಶಾಸ್ತ್ರವನ್ನೇ ಕಲಿಸಹೊರಟರು. ಶಾಲೆ ತೆರೆಯುವ ಮುನ್ನವೂ ಬಿಟ್ಟ ಬಳಿಕವೂ ಪಾಠ ನಡೆಯಿತು.

1982ರಲ್ಲಿ 18 ಮಂದಿ ಕಾಲೇಜು ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಉತ್ತರಗಳಲ್ಲಿ ಒಂದೇ ಬಗೆಯ ತಪ್ಪುಗಳನ್ನು ಕಂಡ ಪರೀಕ್ಷಾ ಸಂಸ್ಥೆಯು 14 ಮಂದಿಯ ಮೇಲೆ ನಕಲಿನ ಸಂಶಯ ತಾಳಿತು. ಅವರಲ್ಲಿ 12 ಮಂದಿ ಮರಳಿ ಪರೀಕ್ಷೆಗೆ ಕುಳಿತರು. ಹನ್ನೆರಡು ಮಂದಿಯೂ ತೇರ್ಗಡೆಯಾದರು!

1988ರಲ್ಲಿ ರಾಷ್ಟ್ರಾಧ್ಯಕ್ಷರ ಪದಕವು ಆ ಗುರುಗಳಿಗೆ ದೊರೆಯಿತು. ಅದಕ್ಕಿಂತ ಹಿರಿಯ ಪದಕವನ್ನು ಆ ಮಕ್ಕಳು ಆರು ವರ್ಷ ಮೊದಲೇ ತೊಡಿಸಿದ್ದರು. ಬಾಯಿಪಾಠ ಮಾಡಿದುದು ಎರಡನೆಯ ಸಲ ಕೈಕೊಡುವುದು. ತಿಳಿದು ಕಲಿತುದು ಎಂದೂ ಕೈಬಿಡದು. ಕನ್ನಡ ಶಾಲೆಯವರಿಗೆ ಗಣಿತ ಎಟುಕದೆಂದು ಅಂಜುವ ಮಿತ್ರರೇ, ನಮ್ಮ ಗುರುಗಳಿಗೆ ಅಂಥ ಪದಕವನ್ನು ತೊಡಿಸುವುದು ನಮ್ಮ ಕೈಯಲ್ಲಿಯೇ ಇದೆ.