ಹಾಲಕ್ಕಿ ನುಡಿಯಲು ಒಂದು ಸಂಜೆ

ಗುಜರಾತಿನ ನಗರಗಳಲ್ಲಿ ನೆಲೆಸಿರುವ ನಾವು ಸಂಜೆಯ ನಡಿಗೆಯನ್ನು ಆರೋಗ್ಯದ ಲೆಕ್ಕಕ್ಕಷ್ಟೇ ಸೇರಿಸಿಬಿಟ್ಟಿದ್ದೇವೆ. ಫೋನು ಹೆಜ್ಜೆ ಎಣಿಸುತ್ತದೆ, ಇಯರ್‌ಫೋನು ಕಿವಿ ಮುಚ್ಚುತ್ತದೆ. ಕತ್ತಲಿಳಿಯುವ ಹೊತ್ತಿನಲ್ಲಿ ಅದನ್ನು ತೆಗೆದಿಟ್ಟರೆ ಕೇಳುವುದಕ್ಕೆ ಬಹಳಷ್ಟಿದೆ.

ಅಹಮದಾಬಾದಿನ ಹಳೆಯ ಕಟ್ಟಡಗಳ ಸಂದುಗಳಲ್ಲಿ, ಆಲದ ಮರದಿಂದಲೇ ಹೆಸರು ಪಡೆದ ವಡೋದರದ ಮರಗಳ ಪೊಟರೆಗಳಲ್ಲಿ ಹಗಲೆಲ್ಲ ಅಡಗಿದ್ದ ಚಿಕ್ಕ ಗೂಬೆ ಮುಸ್ಸಂಜೆಗೆ ಹೊರಬಂದು ಕರ್ಕಶವಾಗಿ ಕೂಗುತ್ತದೆ. ಜೋಡಿ ಹಕ್ಕಿ ದನಿಗೂಡಿಸುತ್ತದೆ. ಇಲ್ಲಿನವರು ಅದನ್ನು ಚೀಬರಿ ಎನ್ನುತ್ತಾರೆ. ಅದು ನಮ್ಮ ಹಾಲಕ್ಕಿಯೇ. ಅದರ ನುಡಿ ಕೇಳಿ ಬಂದೆನೆಂದು ನಸುಕಿನಲ್ಲೇ ಬಾಗಿಲ ಮುಂದೆ ನಿಂತು ಶಕುನ ಹೇಳುತ್ತಿದ್ದ ಬುಡುಬುಡಿಕೆಯವನನ್ನು ನಮ್ಮ ಹಿರಿಯರು ಬಲ್ಲರು. ಸೂರತ್ತಿನ ಕಡೆ ಬಯಲಲ್ಲಿ, ನೀರಿನ ಬದಿಯಲ್ಲಿ ಇರುಳಲ್ಲೂ ಕೂಗುವ ಟಿಟೋಡಿ ನಮ್ಮ ಟಿಟ್ಟಿಭ. ಅದು ಎತ್ತರದ ಜಾಗದಲ್ಲಿ ಮೊಟ್ಟೆಯಿಟ್ಟರೆ ಆ ವರ್ಷ ಮಳೆ ಹೆಚ್ಚೆಂದು ಗುಜರಾತಿನ ರೈತರು ನಂಬುತ್ತಾರೆ. ಹಕ್ಕಿಯಿಂದ ನಾಳೆಯ ಸುದ್ದಿ ಕೇಳುವ ರೂಢಿ ಎರಡೂ ನಾಡುಗಳಿಗುಂಟು.

ಆ ಹಕ್ಕಿಗಳ ನಾಳೆಯೇನು ಎಂಬುದು ಜನವರಿ 14 ಮತ್ತು 15ರಂದು ನಮ್ಮ ಕೈಯ ದಾರದಲ್ಲಿರುತ್ತದೆ. ಉತ್ತರಾಯಣದ ಗಾಳಿಪಟಗಳು ಬಾನು ತುಂಬುವ ದಿನಗಳವು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಗುಜರಾತ್ ಸರ್ಕಾರವು ಪ್ರತಿವರ್ಷ ‘ಕರುಣಾ ಅಭಿಯಾನ’ದಡಿ ಗಾಯಗೊಂಡ ಹಕ್ಕಿಗಳಿಗೆ ಚಿಕಿತ್ಸೆ ಕೊಡಿಸುತ್ತದೆ, ಮುಂಜಾನೆ ಮತ್ತು ಸಂಜೆ ಪಟ ಹಾರಿಸಬೇಡಿರೆಂದು ಕೋರುತ್ತದೆ. ಹತ್ತಿಯ ದಾರ ಬಳಸಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಗಾಜಿನ ಪುಡಿ ಲೇಪಿಸಿದ ಮೇಲೆ ಹತ್ತಿಯ ದಾರವೂ ರೆಕ್ಕೆ ಕೊಯ್ಯುತ್ತದೆ. ಹಗಲಿನ ಹಕ್ಕಿ ಗೂಡಿಗೆ ಮರಳುವುದೂ ಇರುಳಿನ ಹಕ್ಕಿ ಬೇಟೆಗೆ ಹೊರಡುವುದೂ ಮಬ್ಬುಗತ್ತಲ ಆ ಒಂದೇ ಗಳಿಗೆಯಲ್ಲಿ. ಹಬ್ಬ ಮುಗಿದರೂ ಕೊಂಬೆಗಳಲ್ಲಿ ಸಿಕ್ಕಿಕೊಂಡ ದಾರ ಉಳಿದಿರುತ್ತದೆ. ಅದರ ಬೆನ್ನಿಗೇ, ಫೆಬ್ರವರಿಯಿಂದ, ಹಾಲಕ್ಕಿ ಮರಿ ಮಾಡುವ ಕಾಲ ತೊಡಗುತ್ತದೆ.

ಈ ನೆಲದಲ್ಲಿ ಬದುಕು ಕಟ್ಟಿಕೊಂಡ ನಾವು ಇದರ ಹಬ್ಬಕ್ಕೆ ತಕರಾರು ತೆಗೆಯಬೇಕಿಲ್ಲ. ಮಕ್ಕಳು ಮಾಳಿಗೆಯ ಮೇಲೆ ಮನದಣಿಯೆ ಪಟ ಹಾರಿಸಲಿ, ಹೊತ್ತು ಇಳಿಯುವ ಮುನ್ನ ದಾರ ಸುತ್ತಿಕೊಳ್ಳಲಿ. ಮರುವಾರದ ನಡಿಗೆಯಲ್ಲಿ ಕೈಗೆಟುಕುವ ಕೊಂಬೆಗಳ ದಾರವನ್ನು ನಾವೇ ಬಿಡಿಸಿ ತರೋಣ. ಅದೇ ಸಂಕ್ರಾಂತಿಯ ದಿನ ನಮ್ಮ ಮನೆಗಳಲ್ಲಿ ಎಳ್ಳು ಬೆಲ್ಲ ಹಂಚಿ ಒಳ್ಳೆಯ ಮಾತಾಡಿರೆಂದು ಹರಸುತ್ತೇವೆ. ಅಂದಿನ ಸಂಜೆ ಹಾಲಕ್ಕಿಯ ಮಾತಿಗೂ ಎಡೆಯಿರಲಿ.