ಆರೈಕೆಯ ಮನೆಗೆ ಎಂಥ ವಕೀಲರು ಬೇಕು?

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಅನೇಕ ಮನೆಗಳಲ್ಲಿ ವೃದ್ಧ ತಂದೆತಾಯಿಯರ ಸೇವೆಗೆ ಉಳಿದಿರುವವರು ಒಬ್ಬರೇ. ಮಿಕ್ಕವರು ಉದ್ಯೋಗವನ್ನರಸಿ ಹುಬ್ಬಳ್ಳಿ, ಗೋವಾ, ಬೆಂಗಳೂರು ಸೇರಿರುತ್ತಾರೆ. ಊಟ, ಸ್ನಾನ, ಔಷಧಗಳ ಹೊಣೆ ಹೊತ್ತ ಆ ಒಬ್ಬರ ಹೆಗಲ ಮೇಲೆ ಕ್ರಮೇಣ ಬ್ಯಾಂಕಿನ ಕಾಗದ, ಹೊಲದ ಉತಾರ, ಪಿಂಚಣಿಯ ದಾಖಲೆಗಳೂ ಬಂದು ಬೀಳುತ್ತವೆ. ಆಗ ವಕೀಲರ ನೆನಪಾಗುತ್ತದೆ. “ಮಾಸ್ತರರೇ, ಒಳ್ಳೆಯ ವಕೀಲರು ಯಾರಾದರೂ ಗೊತ್ತೇ?” ಎಂದು ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಹೆಸರು ಹೇಳುವುದಕ್ಕಿಂತ ಗುರುತಿಸುವ ಬಗೆಯನ್ನು ಹೇಳುವುದೇ ಲೇಸೆಂದು ನನ್ನ ಭಾವನೆ.

ಮೊದಲನೆಯದು ಸಮಯದ ಮಾತು. ಹಿರಿಯರಿಗೆ ಮರೆವಿನ ರೋಗ ಬಲಿತ ಮೇಲೆ ಮುಖ್ತ್ಯಾರಪತ್ರ ಮಾಡಿಸಿದರಾಯಿತೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. 1872ರ ಕರಾರು ಕಾಯ್ದೆಯ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವರ ಚಿತ್ತಸ್ವಾಸ್ಥ್ಯ ಹೋದರೆ ಕೊಟ್ಟ ಅಧಿಕಾರವೂ ಹೋಗುತ್ತದೆ. ಮೃತ್ಯುಪತ್ರಕ್ಕೂ ಸ್ವಸ್ಥಚಿತ್ತ ಬೇಕು, ಇಬ್ಬರು ಸಾಕ್ಷಿಗಳು ಬೇಕು. ಕಾಲ ಮೀರಿದ ಮೇಲೆ ಉಳಿಯುವುದು ಪಾಲಕರ ನೇಮಕಕ್ಕಾಗಿ ನ್ಯಾಯಾಲಯವನ್ನು ಬೇಡುವ ದೀರ್ಘವಾದ ದಾರಿ. ಅದು ಕೆಲವೊಮ್ಮೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠದವರೆಗೂ ಒಯ್ಯಬಹುದು. “ಹಿರಿಯರು ಬದುಕಿರುವಾಗಲೇ ವಕೀಲರ ಮನೆಗೆ ಹೋಗುವುದು ಅಪಶಕುನ, ಆಸ್ತಿಯ ಆಸೆ” ಎನ್ನುವವರಿದ್ದಾರೆ. ಹಿರಿಯರ ಮಾತಿಗೆ ಇನ್ನೂ ಬೆಲೆಯಿರುವಾಗ ಅದನ್ನು ಕೇಳಿ ಬರೆದಿಡುವುದು ಆಸೆಯಲ್ಲ, ಗೌರವ.

ಎರಡನೆಯದು ವಕೀಲರ ಪರೀಕ್ಷೆ. ನಾವು ಹೇಳಿದ್ದನ್ನೆಲ್ಲ ಕೇಳಿದ ಮೇಲೆ, “ಹಿರಿಯರನ್ನು ನಾನೊಮ್ಮೆ ಕಾಣಬೇಕು, ನೀವು ಸ್ವಲ್ಪ ಹೊರಗಿರಿ” ಎನ್ನುವವರು ಯೋಗ್ಯರು. “ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ, ಮುಂದಿನದು ನನಗೆ ಬಿಡಿ” ಎನ್ನುವವರು ಎಷ್ಟೇ ಹೆಸರುವಾಸಿಯಾಗಿರಲಿ, ಅವರಿಂದ ದೂರವಿರುವುದು ಕ್ಷೇಮ. ಈ ಮಾತು ಆರೈಕೆ ಮಾಡುವವರಿಗೆ ನೋವುಂಟುಮಾಡೀತು: ಹಗಲಿರುಳು ದುಡಿದವರ ಮೇಲೆ ಸಂಶಯವೇ? ಸಂಶಯವಲ್ಲ. ಸೇವೆ ಮಾಡುವವರ ಹಿತ ಮತ್ತು ಸೇವೆ ಪಡೆಯುವವರ ಹಿತ ಯಾವಾಗಲೂ ಒಂದೇ ಆಗಿರುವುದಿಲ್ಲ. ಆ ಭೇದವನ್ನರಿತ ವಕೀಲರು ಹಿರಿಯರನ್ನು ಕಾಯುತ್ತಾರೆ. ನಾಳೆ ಒಡಹುಟ್ಟಿದವರು ತಕರಾರು ತೆಗೆದಾಗ ಸೇವೆ ಮಾಡಿದವರನ್ನೂ ಕಾಯುತ್ತಾರೆ.

ನಮ್ಮ ಸೀಮೆಯಲ್ಲಿ ಭಾಷೆಯೂ ಒಂದು ಒರೆಗಲ್ಲು. ಜೋಯಿಡಾದ ಅಜ್ಜಿಗೆ ಕೊಂಕಣಿ, ಹಳಿಯಾಳದ ಅಜ್ಜನಿಗೆ ಮರಾಠಿ, ಮುಂಡಗೋಡದ ನಿರಾಶ್ರಿತ ಹಿರಿಯರಿಗೆ ಟಿಬೆಟಿಯನ್ ಮನೆಮಾತಾಗಿರಬಹುದು. ಪತ್ರವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳದೆ ಪಡೆದ ರುಜುವಿಗೆ ಅರ್ಥವೇನು?

ಯೋಗ್ಯ ವಕೀಲರು ತಮ್ಮ ಅಗತ್ಯವಿಲ್ಲದ ಕಡೆ ಹಾಗೆಂದೇ ಹೇಳುತ್ತಾರೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹಿರಿಯರು ತಾವೇ ಅರ್ಜಿ ಕೊಡಬಹುದು. ಅಶಕ್ತರಾದರೆ ಅವರು ಒಪ್ಪಿದ ಬೇರೊಬ್ಬರು ಕೊಡಬಹುದು. ಆದರೆ ದಾನಪತ್ರ ಬರೆಸುವಾಗ ವಕೀಲರ ಜಾಣ್ಮೆ ಬೇಕೇ ಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಅದೇ ಕಾಯ್ದೆಯ 23ನೆಯ ಕಲಮಿನಂತೆ ಹಿಂಪಡೆಯಬಹುದು. ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಕೊಟ್ಟ ದಾನ ರದ್ದಾದುದನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಎತ್ತಿಹಿಡಿಯಿತು. ಆದರೆ ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು ಅದೇ ನ್ಯಾಯಾಲಯ 2022ರಲ್ಲಿ ಹೇಳಿತ್ತು. ಆದ್ದರಿಂದ ಆ ಒಂದು ವಾಕ್ಯವನ್ನು ಪತ್ರದಲ್ಲಿಯೇ ಬರೆಸಿರಿ. ಅದನ್ನು ತಾವಾಗಿಯೇ ನೆನಪಿಸುವ ವಕೀಲರು ಸಿಕ್ಕರೆ ಬಿಡಬೇಡಿರಿ.

ಇನ್ನು ಶುಲ್ಕದ ಚಿಂತೆ. ಆರೈಕೆಯ ಭಾರ ಹೊತ್ತವರು ಬಹುಮಟ್ಟಿಗೆ ಮಗಳೋ ಸೊಸೆಯೋ ಆಗಿರುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ನಮ್ಮ ಜಿಲ್ಲೆಯ ಸಿದ್ದಿ ಜನಾಂಗ 2003ರಿಂದ ಪರಿಶಿಷ್ಟ ಪಂಗಡಕ್ಕೆ ಸೇರಿದೆ. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದ್ದರೂ ತಾಲೂಕು ಮಟ್ಟದ ಸಮಿತಿಗಳಿವೆ. 15100 ಎಂಬ ದೂರವಾಣಿಯೂ ಇದೆ. ಕಾಡಿನ ಊರಿನಿಂದ ಘಟ್ಟವಿಳಿದು ಕಾರವಾರಕ್ಕೆ ಹೊರಡುವ ಮುನ್ನ ಅಲ್ಲಿ ಒಮ್ಮೆ ವಿಚಾರಿಸಬಹುದು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆರೈಕೆಯ ಮನೆಗೆ ಬೇಕಾದವರು ಕೋರ್ಟಿನಲ್ಲಿ ಗೆಲ್ಲಿಸುವ ವಕೀಲರಿಗಿಂತ, ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗವನ್ನೇ ತಪ್ಪಿಸುವ ವಕೀಲರು. ಅವರನ್ನು ಹಿರಿಯರ ನೆನಪು ಅಳಿಯುವ ಮೊದಲೇ ಹುಡುಕಿಕೊಳ್ಳಬೇಕು.